ಗೋಡೆ ಕಡೆ ಮುಖ ಮಾಡಿ ಕೇಳಿದ ಲೆಕ್ಕ

ಮನೆಯಿಂದ,
ಏಪ್ರಿಲ್ ೧೨, ಭಾನುವಾರ ಮಧ್ಯಾಹ್ನ

ನಮ್ಮ ಗುಬ್ಬಿಯ ಅಪ್ಪನಿಗೆ,

ಹೇಗಿದ್ದೀರಿ? ಸೊಂಟನೋವು ಕಡಿಮೆಯಾಯಿತೇ? ದಿನವಿಡೀ ಆ ಕ್ರೇನಿನ ಗೂಡಿನಲ್ಲಿ ಕೂತು ಹಡಗಿನ ಸಾಮಾನು ಇಳಿಸುವವರು ನಡುನಡುವೆ ಎದ್ದು ನಾಲ್ಕು ಹೆಜ್ಜೆ ಹಾಕಬೇಕು ಅಂತ ಡಾಕ್ಟರು ಹೇಳಿದ್ದು ನಿಮಗೆ, ನನಗಲ್ಲ. ಇಲ್ಲಿ ನಾವು ಮೂವರೂ ಚೆನ್ನಾಗಿದ್ದೇವೆ. ಅತ್ತೆಗೆ ಕೆಮ್ಮು ನಿಂತಿದೆ, ಮಾತು ನಿಂತಿಲ್ಲ.

ನಿಮ್ಮ ಹೋದ ಪತ್ರ ಓದಿ ನನಗೆ ಮೈಯೆಲ್ಲ ಉರಿಯಿತು. ವಾರ್ಷಿಕ ಪರೀಕ್ಷೆಯಲ್ಲಿ ಪಾಸಾಗದಿದ್ದರೆ ಗುಬ್ಬಿಯನ್ನು ಮತ್ತೆ ಎರಡನೇ ತರಗತಿಯಲ್ಲೇ ಕೂರಿಸುತ್ತಾರೆ ಅಂತ ನಾನು ಗಾಬರಿಯಿಂದ ಬರೆದರೆ, ನೀವು "ಬಿಡೇ, ಅವಳಿಗೂ ನನ್ನ ತಲೆಯೇ ಬಂದಿದೆ, ಓದು ಹತ್ತಲ್ಲ. ಹೊಲಿಗೆ ಕಲಿಸು" ಎಂದು ಒಂದೇ ಸಾಲಿನಲ್ಲಿ ಕೈತೊಳೆದುಕೊಂಡಿರಿ. ಹೊಲಿಗೆಗೆ ತಲೆ ಬೇಡ ಅಂತ ನಿಮಗೆ ಹೇಳಿದವರು ಯಾರು ರೀ? ಒಂದು ಕಾಲರ್ ಕೂರಿಸಿ ನೋಡಿ, ಆಮೇಲೆ ಮಾತಾಡೋಣ. ಅದೇ ಪತ್ರದಲ್ಲಿ, ಸಾಹೇಬರೇ ಕರೆದು ಸೂಪರ್‌ವೈಸರ್ ಪರೀಕ್ಷೆಗೆ ಹೆಸರು ಕೊಡು ಅಂದರೂ ಒಲ್ಲೆ ಎಂದಿರಂತೆ. ಪಾಸಾದರೆ ಇಲ್ಲಿನ ಗೋದಾಮಿಗೇ ಬರಬಹುದಿತ್ತು. ಅದಿರಲಿ, ಮೊದಲು ಮಗಳ ಸುದ್ದಿ ಕೇಳಿ.

ಆ ಪತ್ರ ಬಂದ ವಾರವೇ ಗುಬ್ಬಿಯ ಟೀಚರು ಅಂಗಿಯ ತೋಳು ಚಿಕ್ಕದು ಮಾಡಿಸಲು ನಮ್ಮ ಮನೆಗೆ ಬಂದಿದ್ದರು. ನೆಲದ ಮೇಲೆ ಕೂತು ಲೆಕ್ಕ ಬರೆಯುತ್ತಿದ್ದವಳನ್ನು ನೋಡಿ, ಹದಿಮೂರರಲ್ಲಿ ಎಂಟು ಹೋದರೆ ಎಷ್ಟು ಎಂದು ಕೇಳಿದರು. ನಮ್ಮ ಹುಡುಗಿ ಪುಸ್ತಕ ನೋಡಲಿಲ್ಲ, ಬಾಗಿಲ ಕಡೆ ನೋಡಿದಳು. ಅಲ್ಲಿ ಅತ್ತೆ ಐದು ಬೆರಳು ಎತ್ತಿ ನಿಂತಿದ್ದರು! ನಿಮಗೆ ಗೊತ್ತಲ್ಲ, ಮಗುವನ್ನು ಯಾರು ಏನೇ ಕೇಳಲಿ, ಹೆಸರು ಕೇಳಿದರೂ ಸರಿ, ಉತ್ತರ ಅಜ್ಜಿಯದೇ. "ಪಾಪ, ಕೂಸು ಒದ್ದಾಡ್ತಿದೆ" ಅಂತ ಅವರಿಗೆ ತಡೆಯುವುದಿಲ್ಲ. ಟೀಚರು ನಕ್ಕರು. ತರಗತಿಯಲ್ಲೂ ಇವಳದು ಇದೇ ಆಟವಂತೆ. ಒಂದು ಉತ್ತರ ಹೇಳುವುದು, ಟೀಚರ ಹುಬ್ಬು ಏರಿದರೆ ಇನ್ನೊಂದು ಹೇಳುವುದು. "ಇವಳು ದಡ್ಡಿ ಅಲ್ಲಮ್ಮ, ಲೆಕ್ಕ ಓದೋ ಬದಲು ಮುಖ ಓದ್ತಾಳೆ. ಬುದ್ಧಿ ಅನ್ನೋದು ಹುಟ್ಟುವಾಗ ಬಂದಷ್ಟೇ ಅಲ್ಲ, ಕಲಿಸಿದ ಹಾಗೆ ಬೆಳೆಯುತ್ತೆ. ಮುಖ ತೋರಿಸದೆ ಕೇಳಿ. ಅವಳೇ ಹೇಳೋ ತನಕ ಕಾಯಿರಿ" ಎಂದು ಹೇಳಿ ಹೋದರು.

ನನ್ನ ಹೊಲಿಗೆ ಮಿಷನ್ನು ಹೇಗೂ ಗೋಡೆಗೆ ಮುಖ ಮಾಡಿದೆ. ಅವತ್ತಿನಿಂದ ಹೊಲಿಯುತ್ತಲೇ ಕೇಳತೊಡಗಿದೆ, ತಿರುಗಿ ನೋಡಲಿಲ್ಲ. ಮೊದಮೊದಲು ಬರೀ ಅಳು. ಆಮೇಲೆ ಕಳ್ಳಿ ಮೆಲ್ಲಗೆ ಪಕ್ಕಕ್ಕೆ ಬಂದು ನನ್ನ ಮುಖ ಇಣುಕಿ ನೋಡುವುದು! ನಾನು ಕತ್ತರಿಸಿಟ್ಟ ಬಟ್ಟೆಯನ್ನೇ ತಲೆಯ ಮೇಲೆ ಮುಸುಕು ಹಾಕಿಕೊಂಡು ಕೂತೆ. ಸರಿ ಹೇಳಲಿ, ತಪ್ಪು ಹೇಳಲಿ, "ಹೇಗೆ ಬಂತು ಹೇಳು" ಅಂತ ಮಾತ್ರ ಕೇಳುತ್ತಿದ್ದೆ. ಹೇಳುತ್ತಾ ಹೇಳುತ್ತಾ ತನ್ನ ತಪ್ಪು ತಾನೇ ಹಿಡಿಯುತ್ತಿದ್ದಳು. ಕಷ್ಟವಾದದ್ದು ಅತ್ತೆಗೆ. "ಕಲ್ಲು ಮನಸ್ಸು ಕಣೇ ನಿಂದು" ಎಂದು ನನ್ನನ್ನು ಬೈದರು. ಕಡೆಗೆ ನಾನು ಪ್ರಶ್ನೆ ಕೇಳುವ ಮುಂಚೆ, ಕೆಮ್ಮಿಗೆ ಅಂತ ತಂದಿದ್ದ ಪೆಪ್ಪರ್‌ಮೆಂಟನ್ನು ಅವರೇ ಬಾಯಿಗೆ ಹಾಕಿಕೊಂಡು ಉತ್ತರ ತಡೆದು ಕೂರತೊಡಗಿದರು. ಡಬ್ಬಿ ಖಾಲಿಯಾಗಿದೆ, ಬರುವಾಗ ತನ್ನಿ.

ಒಂದು ಸಂಜೆ ಆರು ಅಂಗಿಗೆ ಐದೈದು ಗುಂಡಿಯಾದರೆ ಎಷ್ಟು ಬೇಕು ಎಂದು ಕೇಳಿದೆ. ಹಿಂದೆ ನೆಲದ ಮೇಲೆ ಗುಂಡಿ ಜೋಡಿಸುವ ಸದ್ದು. ತುಂಬಾ ಹೊತ್ತಿನ ಮೇಲೆ "ಮೂವತ್ತು" ಅಂದಳು. ನಾನು ಹೂಂ ಅನ್ನುವಷ್ಟರಲ್ಲಿ, "ಅಮ್ಮಾ, ತಿರುಗಬೇಡ, ಇರು, ಇನ್ನೊಂದು ಸಲ ನೋಡ್ಕೋತೀನಿ" ಅಂದಳು. ರೀ, ನನಗೆ ಕಣ್ಣು ತುಂಬಿ ಬಂತು. ಹೊಲಿಗೆ ಸೊಟ್ಟಗೆ ಹೋಗಿ ಅಷ್ಟನ್ನೂ ಬಿಚ್ಚಿ ಹೊಲಿಯಬೇಕಾಯಿತು. ಅತ್ತೆ ಪೆಪ್ಪರ್‌ಮೆಂಟು ದವಡೆಗೆ ತಳ್ಳಿ, "ಹಾಡ್ತಾ ಹಾಡ್ತಾ ರಾಗ ಅಂತ ನಾನು ಮೊದಲೇ ಹೇಳಿರಲಿಲ್ವಾ?" ಅಂದರು. ಯಾವಾಗ ಹೇಳಿದ್ದರೋ ನನಗಂತೂ ನೆನಪಿಲ್ಲ.

ಶುಕ್ರವಾರ ಫಲಿತಾಂಶ ಬಂತು. ಪಾಸು, ಮೂರನೇ ತರಗತಿ. ಮೊದಲ ಸ್ಥಾನ ಅಂತ ಕುಣಿಯಬೇಡಿ, ಲೆಕ್ಕದಲ್ಲಿ ಪಾಸಿನ ಗೆರೆಗಿಂತ ಸ್ವಲ್ಪ ಮೇಲೆ, ಅಷ್ಟೇ. ಆದರೆ ಪರೀಕ್ಷೆ ಮುಗಿಯುವವರೆಗೂ ತಲೆ ಎತ್ತಿ ಯಾರ ಮುಖವನ್ನೂ ನೋಡಲಿಲ್ಲವಂತೆ. ಟೀಚರೇ ಹೇಳಿದರು.

ಅತ್ತೆ ನಿಮಗೆ ಆಶೀರ್ವಾದ ತಿಳಿಸಿದ್ದಾರೆ. ಗುಬ್ಬಿ ಮುತ್ತು ಕಳಿಸಿದ್ದಾಳೆ. ಹೊತ್ತು ಹೊತ್ತಿಗೆ ಊಟ ಮಾಡಿ.

ನಿಮ್ಮವಳು,
ಗುಬ್ಬಿಯ ಅಮ್ಮ

ತಾ.ಕ.: ಹಾಳೆ ಮುಗಿಯುತ್ತಾ ಬಂತು, ಚಿಕ್ಕದಾಗಿ ಬರೆಯುತ್ತೇನೆ. ನಿನ್ನೆ ಅತ್ತೆ ಬಾಯಿಂದ ಕಡೆಯ ಪೆಪ್ಪರ್‌ಮೆಂಟು ತೆಗೆದು, "ಅವನು ಚಿಕ್ಕವನಿದ್ದಾಗ ಅವನ ಉತ್ತರಾನೂ ನಾನೇ ಹೇಳ್ತಿದ್ದೆ ಕಣೇ" ಅಂದರು. ಗುಬ್ಬಿ ಕೇಳಿಸಿಕೊಂಡು, "ಹಾಗಾದ್ರೆ ಅಪ್ಪಂಗೂ ತಲೆ ಇದೆ, ಯಾರೂ ಕಾದಿಲ್ಲ ಅಷ್ಟೆ" ಅಂದಳು. ಈ ತಿಂಗಳು ಮುಗಿಯುವುದರೊಳಗೆ ಸಾಹೇಬರಿಗೆ ಹೆಸರು ಕೊಡಿ. ರಜೆಗೆ ಬರುವಾಗ ಪರೀಕ್ಷೆಯ ಪುಸ್ತಕ ತನ್ನಿ. ಪ್ರಶ್ನೆ ಕೇಳಲು ಗುಬ್ಬಿ ಈಗಲೇ ಸ್ಟೂಲನ್ನು ಗೋಡೆ ಕಡೆ ತಿರುಗಿಸಿ ಇಟ್ಟಿದ್ದಾಳೆ. ನೀವು ಎಷ್ಟು ಹೊತ್ತು ತೆಗೆದುಕೊಂಡರೂ ತಿರುಗಿ ನೋಡುವುದಿಲ್ಲವಂತೆ, ಕಾಯುತ್ತಾಳಂತೆ. ನಾನೂ ಕಾಯುತ್ತೇನೆ.