ಪತ್ರಿಕೆಯಲ್ಲಿ ಗುಣವಾದ ನನ್ನ ತಮ್ಮನ ಬೆನ್ನುನೋವು

ಹೊನ್ನವಳ್ಳಿ, ಜೂನ್ ೧೯೮೪

ಆರೋಗ್ಯಾಧಿಕಾರಿಗಳಿಗೆ,

ಮಾನ್ಯರೇ, ನನ್ನ ತಮ್ಮ ಕೆಂಚಪ್ಪನ ಬೆನ್ನುನೋವು ಸಂಪೂರ್ಣ ಗುಣವಾಗಿದೆ ಎಂದು ತಾವು ಕಳೆದ ಸೋಮವಾರದ ಪತ್ರಿಕೆಗೆ ತಿಳಿಸಿದ್ದೀರಿ. ಹೆಸರು ಹಾಕಿಲ್ಲ, ‘ಹೊನ್ನವಳ್ಳಿಯ ಕಾಯಿ ಸುಲಿಯುವ ಕಾರ್ಮಿಕರೊಬ್ಬರು ಮಾತ್ರೆಯ ನೆರವಿಲ್ಲದೆ, ಕೇವಲ ಉಸಿರನ್ನು ಗಮನಿಸಿ ಗುಣಮುಖರಾಗಿದ್ದಾರೆ’ ಎಂದಿದೆ. ಸರ್ಕಾರಿ ಆಸ್ಪತ್ರೆಯ ಉಸಿರಿನ ತರಗತಿಗೆ ನಮ್ಮೂರಿನಿಂದ ಹೋಗುತ್ತಿದ್ದವನು ಅವನೊಬ್ಬನೇ. ಅವನಿಗೆ ಗುಣವಾಗಿಲ್ಲ. ಮಾತ್ರೆ ನಿಲ್ಲಿಸಿದವರು ತಾವು, ತರಗತಿ ನಿಲ್ಲಿಸಿದವರೂ ತಾವು. ನನ್ನ ದೂರು ಇಷ್ಟೇ.

ಸುದ್ದಿಯನ್ನು ನಾನು ಗಟ್ಟಿಯಾಗಿ ಓದಿದಾಗ ಕೆಂಚಪ್ಪ ಜಗಲಿಯ ಮೇಲೆ ಬೋರಲು ಮಲಗಿದ್ದ. “ಯಾರಣ್ಣಾ ಅವ್ನು? ನಮ್ಮೂರೋನೇ ಅಂತೀಯ. ಒಸಿ ಕರ್ಕೊಂಡು ಬಾ, ಹೆಂಗ್ ವಾಸಿ ಮಾಡ್ಕೊಂಡ ಅಂತ ಕೇಳ್ತೀನಿ” ಎಂದ. ಅವನ ಹೆಂಡತಿ ಸಿದ್ದಮ್ಮ ನಗಲಿಲ್ಲ.

ತಾವು ತೆಂಗಿನಕಾಯಿ ಸುಲಿಯುವುದನ್ನು ನೋಡಿರಲಿಕ್ಕಿಲ್ಲ. ನೆಲಕ್ಕೆ ನೆಟ್ಟ ಕಬ್ಬಿಣದ ಸಲಾಕೆಯ ಮೊನೆಗೆ ಕಾಯಿ ಚುಚ್ಚಿ, ಸೊಂಟ ಬಗ್ಗಿಸಿ, ಮೈಭಾರವೆಲ್ಲ ಹಾಕಿ ತಿರುಚಿದರೆ ಮಟ್ಟೆ ಬಿಡುತ್ತದೆ. ಒಂದೊಂದು ಕಾಯಿಗೂ ಉಸಿರು ಬಿಗಿಹಿಡಿಯುತ್ತಾರೆ. ಯಾರೂ ಕಲಿಸಿದ್ದಲ್ಲ, ಸುಲಿಯುವವರ ರೂಢಿ. ಹೀಗೆ ವರ್ಷಗಟ್ಟಲೆ ಸುಲಿದವನ ಬೆನ್ನು ಕಳೆದ ವರ್ಷ ಕೈಕೊಟ್ಟಿತು. ಕುಳಿತು ಉಣ್ಣಲಾರದೆ ಕಂಬಕ್ಕೊರಗಿ ನಿಂತೇ ಉಣ್ಣುತ್ತಿದ್ದ.

ಸರ್ಕಾರಿ ಆಸ್ಪತ್ರೆಗೆ ಆಗ ಬಂದಿದ್ದ ಡಾಕ್ಟರಮ್ಮ ಇಂಥವರನ್ನು ವಾರಕ್ಕೊಮ್ಮೆ ಒಂದು ಕೋಣೆಯಲ್ಲಿ ಕೂರಿಸುತ್ತಿದ್ದರು. ಕೂರಲಾಗದವರನ್ನು ಮಲಗಿಸುತ್ತಿದ್ದರು. ಮೊದಲ ದಿನ, ಕಣ್ಣು ಮುಚ್ಚಿ ನಿಮ್ಮ ಉಸಿರು ಎಲ್ಲಿದೆ ನೋಡಿ ಎಂದರು. ಕೆಂಚಪ್ಪ ಸ್ವಲ್ಪ ಹೊತ್ತು ನೋಡಿ, “ಎಲ್ಲೂ ಇಲ್ವಲ್ಲಮ್ಮಾ!” ಎಂದ. ಕೋಣೆಯೆಲ್ಲ ನಕ್ಕಿತು. ಆಕೆ ನಗದೆ ಹೇಳಿದರು: “ನೋವು ಬಂದಾಗೆಲ್ಲ ನೀವು ಕಾಯಿ ಸುಲೀತಿದೀರ ಕಣ್ರೀ. ಅಲ್ಲಿ ಕಾಯೇ ಇಲ್ಲ. ಉಸಿರು ಬಿಡಿ.”

ನೋವು ಹೋಗುತ್ತದೆ ಎಂದು ಆಕೆ ಎಂದೂ ಹೇಳಲಿಲ್ಲ. ಅದು ಬಂದಾಗ ಹೆದರಿ ಬಿಗಿಯಾಗದೆ, ಎಲ್ಲಿದೆ, ಹೇಗಿದೆ ಎಂದು ಸುಮ್ಮನೆ ನೋಡಿ. ಮಾತ್ರೆ ಮಾತ್ರ ನಿಲ್ಲಿಸಬೇಡಿ ಎಂದರು. ಯುಗಾದಿಯ ದಿನ ಕೆಂಚಪ್ಪ ಎಲೆಯ ಮುಂದೆ ಕುಳಿತು ಉಂಡ. ಸಿದ್ದಮ್ಮ ಬಡಿಸುವುದನ್ನು ಮರೆತು ನೋಡುತ್ತ ನಿಂತಳು. ಗುಣ ಎಂಬುದು ನಮ್ಮ ಮನೆಯಲ್ಲಿ ಇದ್ದದ್ದು ಅಷ್ಟು. ನಮಗೆ ಅಷ್ಟು ಸಾಕಾಗಿತ್ತು.

ಆಮೇಲೆ ತಮ್ಮ ಆದೇಶ ಬಂತು. ನೋಡುವುದರಿಂದಲೇ ನೋವು ಕಡಿಮೆಯಾಗುವುದಾದರೆ ಮಾತ್ರೆ ಏಕೆ ಎಂದು. ಔಷಧಿ ಕಿಟಕಿಯಲ್ಲಿ ಕಾಂಪೌಂಡರ್ ಬಸವರಾಜು, “ಮಾತ್ರೆ ಇಲ್ಲ ಕಣಪ್ಪ, ನೋಡ್ಕೊಂಡು ಹೋಗು” ಎಂದರು. “ನೋಡ್ತಾ ಇವ್ನಿ ಸ್ವಾಮಿ. ಅದೂ ನನ್ನೇ ನೋಡ್ತಾ ಐತೆ” ಎಂದ ಇವನು. ಮರುತಿಂಗಳು ಡಾಕ್ಟರಮ್ಮನಿಗೆ ವರ್ಗ. ಕೋಣೆಯಲ್ಲಿ ಈಗ ಡಿ.ಡಿ.ಟಿ. ಡಬ್ಬಗಳಿವೆ. ಅವುಗಳ ಉಸಿರನ್ನು ಗಮನಿಸಲು ತಾವು ಯಾರನ್ನಾದರೂ ನೇಮಿಸಿದ್ದೀರಾ?

ಆಕೆ ಹೇಳಿಕೊಟ್ಟಂತೆ ನಾನೇ ಪಕ್ಕದಲ್ಲಿ ಕುಳಿತು ಹೇಳಿ ನೋಡಿದೆ. “ನೀನು ಸುದ್ದಿ ಓದ್ದಂಗೆ ಓದ್ತೀಯ, ಬುಡು ಅಣ್ಣಾ” ಎಂದ. ನಿಜ. ಊರವರಿಗೆ ಪತ್ರಿಕೆ ಓದಿ ಹೇಳುವ ನನಗೆ ಬರುವುದು ಅದೊಂದೇ.

ಇಲ್ಲಿಗೆ ಮುಗಿದಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲ. ಪತ್ರಿಕೆಯನ್ನು ಕೆಂಚಪ್ಪನಿಗೆ ಕೂಲಿಯ ಮುಂಗಡ ಕೊಟ್ಟಿರುವ ಕೊಬ್ಬರಿ ವ್ಯಾಪಾರಿ ಏಕಾಂತಯ್ಯನವರೂ ತರಿಸುತ್ತಾರೆ. ಇಷ್ಟು ದಿನ ಅವನ ಬೆನ್ನಿಗಾಗಿ ಸುಮ್ಮನಿದ್ದವರು ಮನೆಯ ಮುಂದೆ ನಿಂತು, “ವಾಸಿ ಆಗೈತೆ ಅಂತ ಪೇಪರ್‌ನಾಗೇ ಬಂದೈತಲ್ಲೋ ಕೆಂಚ, ಇನ್ನೇನ್ ನೆಪ?” ಎಂದರು. ಇಂದು ಬೆಳಿಗ್ಗೆ ಅವನು ಸಲಾಕೆಯ ಮುಂದೆ ನಿಂತ. ನಾನು ಬೇಲಿಯಾಚೆ ನಿಂತಿದ್ದೆ. ಕಾಯಿ ಮೊನೆಗೆ ಬಿದ್ದಾಗಲೆಲ್ಲ ಅವನ ಉಸಿರು ನಿಲ್ಲುತ್ತಿತ್ತು. ನನ್ನದೂ.

ಡಾಕ್ಟರಮ್ಮನನ್ನು ಕಳುಹಿಸಿ, ಮಾತ್ರೆಯನ್ನೂ ಕಳುಹಿಸಿ. ಎರಡೂ ಆಗದು ಎಂಬುದನ್ನು ನಾನು ಬಲ್ಲೆ. ಹಾಗಾದರೆ ಅದೇ ಪತ್ರಿಕೆಯಲ್ಲಿ ಒಂದು ಸಾಲು ಹಾಕಿಸಿ: ‘ಹೊನ್ನವಳ್ಳಿಯ ಆ ಮನುಷ್ಯನಿಗೆ ಇನ್ನೂ ನೋಯುತ್ತಿದೆ.’ ಅದನ್ನು ಏಕಾಂತಯ್ಯನವರ ಮುಂದೆ ನಾನೇ ಓದುತ್ತೇನೆ.

ಇಂತಿ,
ಗುಣವಾದವನ ಅಣ್ಣ,
ಬೆಟ್ಟಸ್ವಾಮಿ