ಕೇಳಿದ್ದು ಆಕೆಯನ್ನು

ಹೊಸಪೇಟೆ
12 ಆಗಸ್ಟ್ 2025

ನನ್ನ ಬಂಗಾರ ಅನ್ನಪೂರ್ಣಗೆ,

ಅವ್ವನ ತುಂಬು ಮನಸ್ಸಿನ ಆಶೀರ್ವಾದ. ನಾನು ಗಟ್ಟಿಯಾಗಿದ್ದೇನೆ, ಗಂಟಲು ಇನ್ನೂ ಗಟ್ಟಿಯಾಗಿದೆ. ಕಂಪ್ಲಿಯೇನು ಕಾಶಿಯೇ, ಅವ್ವ ಇತ್ತ ತಲೆ ಹಾಕಲಿಲ್ಲವಲ್ಲ ಎಂದು ಬೈದುಕೊಂಡಿರುತ್ತೀ. ಬೈಯಿ, ಹೊಸ ಕೆಲಸದಲ್ಲಿ ಸಿಕ್ಕಿಕೊಂಡೆ. ಫೋನು ಮಾಡಿದಾಗಲೆಲ್ಲ ಅಳಿಯಂದಿರೇ ಎತ್ತಿ "ಅರಾಮ್ ಅದಾಳ್ರಿ ಅತ್ತಿ" ಎಂದು ಇಟ್ಟುಬಿಡುತ್ತಾರೆ. ಅದಕ್ಕೇ ಈ ಕಾಗದ. ನನ್ನ ಬಸ್ಸಿನ ಡ್ರೈವರ್ ಆಗಿದ್ದ ಭರಮಣ್ಣ ಈಗ ಕಂಪ್ಲಿ ರೂಟಿನಲ್ಲಿದ್ದಾನೆ. ನೀನು ಮಗುವನ್ನು ಬಿಡಲು ಅಂಗನವಾಡಿಗೆ ಬಂದಾಗ ನಿನ್ನ ಕೈಗೇ ಕೊಡು ಎಂದಿದ್ದೇನೆ.

ಸುದ್ದಿ ಕೇಳು. ಕಂಡಕ್ಟರ್ ಕೆಲಸ ಬಿಟ್ಟ ನಿನ್ನ ಅವ್ವ ಈಗ ಇಲ್ಲಿಯ ಒಂದು ದೊಡ್ಡ ಆಸ್ಪತ್ರೆಯಲ್ಲಿ ದುಭಾಷಿ! ಡಾಕ್ಟರಮ್ಮ ನಾಗಪುರದ ಕಡೆಯವರು, ಹಿಂದಿ ಮಾತಾಡುತ್ತಾರೆ. ಅವರಿಗೆ ಬರುವ ಕನ್ನಡ "ನೋವು ಇದೆಯಾ, ಊಟ ಆಯ್ತಾ" ಅಷ್ಟೇ. ನಮ್ಮವರ ಕನ್ನಡ, ಸಂಡೂರು ತಾಂಡಾದವರ ಲಂಬಾಣಿ, ಭತ್ತದ ನಾಟಿಗೆ ಬರುವವರ ತೆಲುಗು, ಎಲ್ಲವನ್ನೂ ಅವರಿಗೆ ದಾಟಿಸುವವರು ಬೇಕಾಗಿತ್ತು.

ಸಂದರ್ಶನದಲ್ಲಿ ಮ್ಯಾನೇಜರ್ ಪ್ರಾಣೇಶ ಅವರು, "ಅನುಭವ ಏನದರಿ ನಿಮಗ?" ಎಂದರು.

"ಟಿಕೆಟ್ ತಗೊಳ್ದವ್ರ ಸುಳ್ಳು ಎಲ್ಲಾ ಭಾಷೆದಾಗೂ ಕೇಳೀನ್ರಿ ಸರ್," ಎಂದೆ.

ನಕ್ಕರು. ಕೆಲವು ತಿಂಗಳು ನೋಡೋಣ ಎಂದು ತೆಗೆದುಕೊಂಡರು. ಒಂದೇ ಕಟ್ಟುಪಾಡು: ರೋಗಿ ಹೇಳಿದ್ದನ್ನು ಹೇಳಿದಷ್ಟೇ ದಾಟಿಸಬೇಕು, ಒಗ್ಗರಣೆ ಹಾಕಬಾರದು. ನನಗೆ ಕಷ್ಟವಾದದ್ದು ಅದೊಂದೇ ನೋಡು.

ಹೋದ ತಿಂಗಳು ಬುಕ್ಕಸಾಗರಕ್ಕೆ ನಾಟಿಗೆಂದು ಬಂದಿದ್ದ ಆಂಧ್ರದ ಗಂಡಹೆಂಡತಿ ಬಂದರು. ಹೊಟ್ಟೆನೋವು ಹೆಂಡತಿಗೆ, ಮಾತೆಲ್ಲ ಗಂಡನದು. ಎರಡು ದಿನ ಆಯಿತು, ಗ್ಯಾಸು, ಗುಳಿಗೆ ಕೊಟ್ಟರೆ ಸಾಕು ಎಂದು ಹರಕು ಕನ್ನಡದಲ್ಲಿ ಅವನೇ ಒದರುತ್ತಿದ್ದ. ಆಕೆ ಸೆರಗು ಹಿಂಡುತ್ತ ನೆಲ ನೋಡುತ್ತಿದ್ದಳು. ನನಗೆ ತಡೆಯಲಾಗಲಿಲ್ಲ.

"ಹೊಟ್ಟಿ ನಿಂದೇನಪ್ಪ? ಡಾಕ್ಟರು ಕೇಳಾಕತ್ತಿರೋದು ಅಕೀನ್ನ. ಹೊರಗ ಕುಂದ್ರು ನಡಿ!"

ಬಸ್ಸಿನ ದನಿ ತಾನಾಗಿ ಬಂದುಬಿಟ್ಟಿತ್ತು. ಅವನು ಹೊರಗೆ ಹೋದ. ಹೋದವನು ನೇರ ಮ್ಯಾನೇಜರ್ ಹತ್ತಿರ ದೂರು ಕೊಟ್ಟ.

ಡಾಕ್ಟರಮ್ಮ ಕುರ್ಚಿಯನ್ನು ಆಕೆಯ ಹತ್ತಿರ ಎಳೆದುಕೊಂಡರು. ಅವಸರ ಮಾಡದೆ ಕಾದೆವು. ಆಮೇಲೆ ಆಕೆ ತೆಲುಗಿನಲ್ಲಿ ಮೆಲ್ಲಗೆ ಬಾಯಿ ಬಿಟ್ಟಳು. ಸಂಕ್ರಾಂತಿಯಿಂದಲೂ ರಕ್ತ ಹೋಗುತ್ತಿದೆ, ಹೇಳಿದರೆ ಕೂಲಿ ತಪ್ಪುತ್ತದೆಂದು ನುಂಗಿಕೊಂಡಿದ್ದೆ ಎಂದಳು. ಗಂಡನಿಗೂ ಗೊತ್ತಿರಲಿಲ್ಲ, ಪಾಪ. ಡಾಕ್ಟರಮ್ಮ ತಕ್ಷಣ ಸ್ಕ್ಯಾನಿಂಗಿಗೆ ಬರೆದರು.

ಸ್ಕ್ಯಾನಿಂಗ್ ಮುಗಿಯುವ ಹೊತ್ತಿಗೆ ಪ್ರಾಣೇಶ ಅವರು ತಮ್ಮ ಕೋಣೆಗೆ ಕರೆಸಿದರು. "ಮನೀ ಮಂದೀನ್ನ ಹೊರಗ ಹಾಕ್ಲಿಕ್ಕೆ ನಿಮ್ಮನ್ನ ತಗೊಂಡಿಲ್ರಿ. ಇನ್ನೊಮ್ಮೆ ಹಿಂಗಾದ್ರ ನೀವು ಬರೋದ ಬ್ಯಾಡ."

"ಹಂಗಾದ್ರ ಇವತ್ತ ಬ್ಯಾಡ ಅನ್ರಿ ಸರ್. ಅಕೀ ಬಾಯಿಂದ ಬರ್ದ ಮಾತು ನಾ ಏನಂತ ದಾಟಿಸ್ಲಿ?" ಎಂದು ಬ್ಯಾಗು ಹೆಗಲಿಗೇರಿಸಿದೆ. ಬಾಗಿಲು ದಾಟುವ ಮೊದಲೇ ಡಾಕ್ಟರಮ್ಮ ಸ್ಕ್ಯಾನಿಂಗ್ ರಿಪೋರ್ಟು ಹಿಡಿದು ತಾವೇ ಬಂದು ಅವರ ಮುಂದಿಟ್ಟರು. ಗರ್ಭಕೋಶದಲ್ಲಿ ಗಡ್ಡೆ. ಆಪರೇಷನ್ ಆಗಿ ಆಕೆ ಈಗ ಚೆನ್ನಾಗಿದ್ದಾಳೆ. ನನ್ನ ಕೆಲಸವೂ ಕಾಯಂ ಆಯಿತು.

ಈಗ ಇನ್ನಿಬ್ಬರು ದುಭಾಷಿಗಳನ್ನು ಆರಿಸುವಾಗ ನನ್ನನ್ನೂ ಕೂರಿಸಿಕೊಂಡಿದ್ದರು! ಒಬ್ಬ ಭಾಳ ಓದಿದವ, ಒಡಿಯಾವನ್ನೂ ಬಲ್ಲ. ಆದರೆ ಪರೀಕ್ಷೆಗೆಂದು ರೋಗಿಯ ಮುಂದೆ ಕೂರಿಸಿದರೆ, ಆಕೆ ಬಾಯಿ ತೆರೆಯುವ ಮೊದಲೇ ತಾನೇ ಉತ್ತರ ಕೊಡುತ್ತಿದ್ದ. "ಇವ ಬ್ಯಾಡ್ರಿ," ಎಂದೆ. ಪ್ರಾಣೇಶ ಅವರೂ ಹೌದೆಂದು ತಲೆಯಾಡಿಸಿದರು.

ಮಗುವಿನ ಎರಡೂ ಕೆನ್ನೆಗೆ ಅಜ್ಜಿಯ ಮುತ್ತು. ವಿರೂಪಾಕ್ಷ ನಿನ್ನ ಬೆನ್ನಿಗಿರಲಿ.

ನಿನ್ನ ಅವ್ವ,
ಗಾಳೆಮ್ಮ

ತಾ.ಕ.: ಇಷ್ಟುದ್ದ ಬರೆದೆ, ಕೇಳಬೇಕಾದ್ದನ್ನು ಕೇಳಲು ಕೈ ಬರಲಿಲ್ಲ. ಯುಗಾದಿ ಹೊತ್ತಿಗೆ ನಿನ್ನ ಕೈ ಮುರಿದಾಗ ಬಚ್ಚಲಲ್ಲಿ ಜಾರಿದಳು ಅಂದವನು ನಿನ್ನ ಗಂಡ ಮಲ್ಲೇಶ. ಹಣೆಗೆ ಹೊಲಿಗೆ ಬಿದ್ದಾಗ ಬಾಗಿಲು ಬಡಿಯಿತು ಅಂದವನೂ ಅವನೇ. ನಿನ್ನ ಬಾಯಿಂದ ನಾನು ಒಂದು ಮಾತೂ ಕೇಳಿಲ್ಲ, ಮಗಳೇ. ಭಾನುವಾರ ಮೊದಲ ಬಸ್ಸಿಗೆ ಬರುತ್ತೇನೆ. ನಿನ್ನವು, ಮಗುವಿನವು ನಾಲ್ಕು ಬಟ್ಟೆ ಒಂದು ಚೀಲದಲ್ಲಿ ಹಾಕಿಟ್ಟಿರು. ಚೀಲವನ್ನು ಎತ್ತಿಕೊಳ್ಳುವುದೋ ಅಲ್ಲೇ ಬಿಡುವುದೋ, ನೀನು ಹೇಳಿದ ಹಾಗೆ.