ಊಟದ ಕೋಣೆಯ ಗಾಳಿಯನ್ನು ಶುದ್ಧವೆಂದು ಬರೆದವರಿಗೆ

ಮಾರ್ಚ್ ಹನ್ನೊಂದು, ಮಂಗಳವಾರ. ನನ್ನ ಅಕ್ಕ ತೀರಿಕೊಂಡು ಐದು ವಾರವಾಯಿತು. ಅವಳು ಕೆಲಸ ಮಾಡುತ್ತಿದ್ದ ಕಾರ್ಖಾನೆಯ ಪರವಾನಗಿ ಈ ತಿಂಗಳ ಕೊನೆಗೆ ನವೀಕರಣವಾಗಬೇಕಿದೆ. ಕಡತ ನಿಮ್ಮ ಮೇಜಿನ ಮೇಲಿದೆ.

ಕಾರ್ಮಿಕರ ಆರೋಗ್ಯ ಕಾಯುವ ಇಲಾಖೆಯ ನಿರ್ದೇಶಕರೇ,

ಆ ಕಡತದೊಳಗಿನ ಗಾಳಿ ತಪಾಸಣೆಯ ವರದಿ ತಪ್ಪಾಗಿದೆ. ಯಂತ್ರ ಕೆಟ್ಟಿರಲಿಲ್ಲ, ಯಾರೂ ಲಂಚ ತಿಂದಿಲ್ಲ. ತಿಂದಿದ್ದರೆ ನನಗೆ ಒಂದು ಬಗೆಯ ಸಮಾಧಾನವಾದರೂ ಇರುತ್ತಿತ್ತು. ಕೆಟ್ಟವರನ್ನು ಬೈಯುವುದು ಸುಲಭ. ನಿಮ್ಮವರು ಒಂದು ಖಾಲಿ ಗಾಜಿನ ತಟ್ಟೆಯನ್ನು ಇಡಬಾರದ ಜಾಗದಲ್ಲಿ ಇಟ್ಟರು, ಅಷ್ಟೇ. ಆ ಅಷ್ಟರಿಂದಾಗಿ ನನ್ನ ಅಕ್ಕ ತನ್ನ ಕಾಯಿಲೆಗೆ ತಾನೇ ಕಾರಣವೆಂದು ನಂಬಿ, ಜೊತೆಗೆ ದುಡಿದವರ ಕ್ಷಮೆ ಕೇಳಿ, ಸತ್ತಳು.

ನಾನು ವಿಶ್ಲೇಷಣಾ ರಸಾಯನಶಾಸ್ತ್ರಜ್ಞೆ. ನೀರಿನಲ್ಲಿ, ಉಪ್ಪಿನಲ್ಲಿ, ಮನೆಯ ದೂಳಿನಲ್ಲಿ, ಒಮ್ಮೊಮ್ಮೆ ಮನುಷ್ಯರ ಅಂಗಾಂಶದಲ್ಲಿ ಸೇರಿಕೊಂಡಿರುವ ಸೂಕ್ಷ್ಮ ಪ್ಲಾಸ್ಟಿಕ್ ಚೂರುಗಳನ್ನು ಹುಡುಕಿ ಅವು ಯಾವ ಜಾತಿಯವು ಎಂದು ಹೇಳುವುದು ನನ್ನ ಉದ್ಯೋಗ. ಕಣ್ಣಿಗೆ ಕಾಣದ ಅವಗೆಂಪು ಬೆಳಕು ಬಿದ್ದಾಗ ನೈಲಾನಿನ ಅಣುಗಳು ಒಂದು ರೀತಿ ಕಂಪಿಸುತ್ತವೆ, ಪಾಲಿಯೆಸ್ಟರಿನವು ಇನ್ನೊಂದು ರೀತಿ. ಆ ಕಂಪನವೇ ಚೂರಿನ ಗುರುತು. ಅಕ್ಕನಿಗೆ ಇದೆಲ್ಲ ದೊಡ್ಡ ತಮಾಷೆ. "ಕಾಣದ್ದನ್ನ ಹುಡುಕೋಕೆ ನಿಂಗೆ ಸಂಬಳ ಬೇರೆ. ನಿಮ್ಮ ಭಾವ ದಿನಾ ಬೆಳಿಗ್ಗೆ ಕನ್ನಡಕ ಹುಡುಕ್ತಾರಲ್ಲ, ಅವರಿಗ್ಯಾರು ಕೊಡ್ತಾರೆ ಕೇಳು."

ನಮ್ಮ ಕೆಲಸದಲ್ಲಿ ಮೊದಲು ಅನುಮಾನಿಸಬೇಕಾದದ್ದು ನಮ್ಮನ್ನೇ. ನಾವು ಉಟ್ಟ ಬಟ್ಟೆಯಿಂದ ಎಳೆ ಉದುರುತ್ತದೆ; ಕೋಣೆಯ ಗಾಳಿಯಲ್ಲೂ ಎಳೆಗಳು ತೇಲುತ್ತಿರುತ್ತವೆ. ಆದ್ದರಿಂದ ಪ್ರಯೋಗಾಲಯದಲ್ಲಿ ನಾವೆಲ್ಲ ಕಡುಕೆಂಪು ಹತ್ತಿಯ ಮೇಲಂಗಿ ತೊಡುತ್ತೇವೆ. ನಮ್ಮದೇ ಎಳೆ ಬಿದ್ದರೆ ಬಣ್ಣದಿಂದ ತಿಳಿಯಲಿ ಎಂದು. ಜೊತೆಗೆ ಹೋಲಿಕೆಗೆಂದು ಒಂದು ಖಾಲಿ ತಟ್ಟೆಯನ್ನು ಬಾಯಿ ತೆರೆದಿಡುತ್ತೇವೆ. ಪರೀಕ್ಷಿಸುವ ತಟ್ಟೆಯಲ್ಲಿ ಸಿಕ್ಕಿದ್ದರಿಂದ ಈ ಖಾಲಿ ತಟ್ಟೆಯಲ್ಲಿ ಸಿಕ್ಕಿದ್ದನ್ನು ಕಳೆದರೆ ಉಳಿಯುವುದು ಸತ್ಯ. ಈ ಲೆಕ್ಕಕ್ಕೆ ಒಂದೇ ಷರತ್ತು: ಯಾವುದನ್ನು ಅಳೆಯಲು ಹೊರಟಿದ್ದೇವೋ ಅದು ಖಾಲಿ ತಟ್ಟೆಯನ್ನು ತಲುಪಬಾರದು.

ಅಕ್ಕನ ಕಾರ್ಖಾನೆಯಲ್ಲಿ ಒಡವೆ ಪೆಟ್ಟಿಗೆಗಳ ಒಳಮೈಗೆ ಮಖಮಲ್ಲಿನ ಮೆರುಗು ಕೊಡುತ್ತಾರೆ. ಅದು ಮಖಮಲ್ಲಲ್ಲ, ನೈಲಾನ್ ದಾರವನ್ನು ಪುಡಿಯಾಗುವಷ್ಟು ಚಿಕ್ಕದಾಗಿ ಕತ್ತರಿಸಿ, ಅಂಟು ಬಳಿದ ರಟ್ಟಿನ ಮೇಲೆ ಉದುರಿಸಿರುತ್ತಾರೆ. ಅಕ್ಕ ಹತ್ತೊಂಬತ್ತು ವರ್ಷ ಆ ಪುಡಿಯನ್ನು ಜರಡಿ ಹಿಡಿದಳು. ಕತ್ತರಿಸುವ ಕೋಣೆಗೂ ಊಟದ ಕೋಣೆಗೂ ನಡುವೆ ಬಾಗಿಲಿಲ್ಲ, ಪ್ಲಾಸ್ಟಿಕ್ ಪಟ್ಟಿಗಳ ಪರದೆ ಇದೆ. ಊಟದ ಹೊತ್ತಿಗೆ ಎಲ್ಲರೂ ಒಳಗೆ ಬಂದು, ಬೆಂಚಿನ ಪಕ್ಕದಲ್ಲಿ ನಿಂತು ಸೆರಗು, ತೋಳು, ತಲೆಗೂದಲು ಕೊಡವಿಕೊಂಡು ಕೂರುತ್ತಾರೆ. ಎಂಥ ಅಚ್ಚುಕಟ್ಟಿನ ಜನ ನೋಡಿ. ಮೈಮೇಲಿನ ದೂಳು ಊಟಕ್ಕೆ ಬೀಳಬಾರದೆಂದು ಊಟದ ಪಕ್ಕದಲ್ಲೇ ಕೊಡವುತ್ತಾರೆ.

ಎರಡು ಮೆಟ್ಟಿಲು ಹತ್ತಿದರೆ ಏದುಸಿರು ಬರತೊಡಗಿದ ಮೇಲೆ ಅಕ್ಕ ನಿಮ್ಮ ಇಲಾಖೆಗೆ ದೂರು ಕೊಟ್ಟಳು. ಕೊಡಿಸಿದವಳು ನಾನು. ತಪಾಸಣೆಗೆ ನಿಮ್ಮವರು ಬಂದ ದಿನ ಸಂಜೆ ಅವಳು ಮನೆಗೆ ಬಂದು ನಕ್ಕಿದ್ದೇ ನಕ್ಕಿದ್ದು, ಮಧ್ಯೆ ಕೆಮ್ಮಿದ್ದು.

"ಏನೇ, ನಿಮ್ಮ ಕಡೆಯವರು ಊಟದ ಬೆಂಚಿನ ಮೇಲೆ ಖಾಲಿ ತಟ್ಟೆ ಇಟ್ಟು ಹೋದ್ರು. ಬಡಿಸೋದು ಮರೆತ್ರೋ ಏನೋ!"

"ಅವರು ನಮ್ಮ ಕಡೆಯವರಲ್ಲ ಅಕ್ಕ. ಅಲ್ಲೂ ಗಾಳಿ ಪರೀಕ್ಷೆ ಮಾಡ್ತಿರಬೇಕು."

"ಪಾತರಗಿತ್ತಿ ಅದಕ್ಕೆ ಮುಚ್ಚಳ ಹಾಕೋಕೆ ಹೋದ್ಲು, ದೂಳು ಬೀಳತ್ತೆ ಅಂತ. ಮುಟ್ಟಬೇಡ್ರೀ ಅಂತ ಬೈಸ್ಕೊಂಡ್ಲು ಪಾಪ."

ಪಾತರಗಿತ್ತಿ ಎಂದರೆ ಅಕ್ಕನ ಜೊತೆ ಜರಡಿ ಹಿಡಿಯುತ್ತಿದ್ದ ಗೆಳತಿ. ಒಂದು ಕಡೆ ನಿಲ್ಲದವಳು ಎಂದು ಅಕ್ಕನೇ ಇಟ್ಟ ಹೆಸರು.

ವರದಿ ಬಂತು. ಎರಡೂ ಕೋಣೆಯ ತಟ್ಟೆಗಳಲ್ಲಿ ನೈಲಾನ್ ಎಳೆಗಳಿದ್ದವು, ನಿಮ್ಮವರು ಅವನ್ನು ಸರಿಯಾಗಿಯೇ ಗುರುತಿಸಿದ್ದರು. ಆದರೆ ಊಟದ ಕೋಣೆಯ ತಟ್ಟೆಯನ್ನು ಅವರು ಇಟ್ಟಿದ್ದು ಹೋಲಿಕೆಗೆ. ಅಲ್ಲಿನ ಗಾಳಿಯನ್ನು ಶುದ್ಧ ಗಾಳಿ ಎಂದು ಹಿಡಿದು, ಕತ್ತರಿಸುವ ಕೋಣೆಯ ಲೆಕ್ಕದಿಂದ ಅದನ್ನು ಕಳೆದುಬಿಟ್ಟರು. ದೂಳಿನಿಂದ ದೂಳನ್ನು ಕಳೆದರೆ ಏನು ಉಳಿಯುತ್ತದೆ, ನಿರ್ದೇಶಕರೇ? "ಹಿನ್ನೆಲೆಯ ಮಟ್ಟಕ್ಕಿಂತ ಗಣನೀಯ ಹೆಚ್ಚಳ ಕಂಡುಬಂದಿಲ್ಲ" ಎಂಬ ವಾಕ್ಯ ಉಳಿಯುತ್ತದೆ. ಊಟ ಮಾಡುವಾಗ ಇಷ್ಟು ವರ್ಷ ಕಾರ್ಮಿಕರು ಉಸಿರಾಡಿದ್ದು ನಿಮ್ಮ ಕಡತದಲ್ಲಿ ಹಿನ್ನೆಲೆ. ಮನುಷ್ಯರನ್ನು ಹಿನ್ನೆಲೆಗೆ ಸರಿಸುವುದು ಕಚೇರಿಗಳಿಗೆ ಹೊಸದಲ್ಲ. ಇಷ್ಟು ನಿಖರವಾದ ಉಪಕರಣಗಳಿಂದ ಸರಿಸಿದ್ದನ್ನು ನಾನು ನೋಡಿದ್ದು ಇದೇ ಮೊದಲು.

ನಾನು ಇದನ್ನು ಅಕ್ಕನ ಹಾಸಿಗೆಯ ಬದಿ ಕೂತು ವಿವರಿಸಿದೆ. ಮೂಗಿಗೆ ಆಮ್ಲಜನಕದ ನಳಿಕೆ ಹಾಕಿದ್ದರು. ಕೊನೆಯವರೆಗೂ ಕೇಳಿದಳು. ಆಮೇಲೆ ನನ್ನ ಕೈ ತಟ್ಟಿ ಸಮಾಧಾನ ಮಾಡುವವಳಂತೆ ಹೇಳಿದಳು:

"ನೀನು ನನ್ನ ತಂಗಿ ಕಣೆ. ನೀನು ಹೀಗೇ ಹೇಳ್ತೀಯ. ಅವರಿಗೆ ನಾನು ಯಾರು? ಸುಳ್ಳು ಯಾಕೆ ಹೇಳ್ತಾರೆ? ಗಾಳಿದೇನೂ ತಪ್ಪಿಲ್ಲ ಬಿಡು, ನನ್ನ ಮೈಯೇ ಸರಿ ಇಲ್ಲ."

ಆಸ್ಪತ್ರೆಯ ವೈದ್ಯರೂ ನಿಮ್ಮ ವರದಿ ನೋಡಿ, ಕಾಯಿಲೆಯ ಕಾರಣ ಎಂಬಲ್ಲಿ "ತಿಳಿದಿಲ್ಲ" ಎಂದು ಬರೆದರು. ಮರುವಾರ ಅಕ್ಕ ಪಾತರಗಿತ್ತಿಯನ್ನು ಕರೆಸಿಕೊಂಡಳು. ವಿಚಾರಣೆ ನಡೆದಷ್ಟು ದಿನ ಕಾರ್ಖಾನೆ ಮುಚ್ಚಿತ್ತು, ಎಲ್ಲರೂ ಕೂಲಿಯಿಲ್ಲದೆ ಮನೆಯಲ್ಲಿ ಕೂತಿದ್ದರು. ಅದು ಅವಳನ್ನು ಕೊರೆಯುತ್ತಿತ್ತು.

"ನನ್ನಿಂದ ನಿಮಗೆಲ್ಲ ಸುಮ್ಮನೆ ತೊಂದರೆ ಆಯ್ತು. ಬೇಜಾರು ಮಾಡ್ಕೋಬೇಡಿ ಅಂತ ಎಲ್ಲರಿಗೂ ಹೇಳ್ತೀಯಾ?"

"ಥೂ, ಏನ್ ಮಾತು ಅಂತ ಆಡ್ತೀಯೇ. ನೀನಿಲ್ದೆ ಜರಡಿ ಯಾರಿಗೂ ಬಗ್ಗಲ್ಲ, ಬೇಗ ಎದ್ದು ಬಾ," ಎಂದು ಪಾತರಗಿತ್ತಿ ಬೈದಳು. ಬೈದು ಹೊರಗೆ ಬಂದು ಗೋಡೆಗೆ ಒರಗಿ ಅತ್ತಳು. ಅಳುವಿನ ನಡುವೆ ಕೆಮ್ಮಿದಳು. ಆ ಕೆಮ್ಮು ನನಗೆ ಪರಿಚಯದ ಕೆಮ್ಮು. ಈಗ ಅಕ್ಕನ ಜಾಗದಲ್ಲಿ ನಿಂತು ಜರಡಿ ಹಿಡಿಯುತ್ತಿರುವವಳೂ ಅವಳೇ.

ನಾನು ನಿಮಗೆ ಎರಡು ಸಲ ಬರೆದೆ. ಮೊದಲನೆಯದಕ್ಕೆ, ನಿಗದಿತ ವಿಧಾನವನ್ನು ಪಾಲಿಸಲಾಗಿದೆ ಎಂಬ ಉತ್ತರ ಬಂತು. ನಿಜ, ತಟ್ಟೆ ಇಡಬೇಕೆಂದು ವಿಧಾನ ಹೇಳುತ್ತದೆ, ಇಟ್ಟಿದ್ದಾರೆ. ಎರಡನೆಯದಕ್ಕೆ, "ನೀವು ರೋಗಿಯ ಸಂಬಂಧಿಯಾದ್ದರಿಂದ ನಿಮ್ಮ ಅಭಿಪ್ರಾಯವನ್ನು ನಿಷ್ಪಕ್ಷಪಾತವೆಂದು ಪರಿಗಣಿಸಲಾಗದು" ಎಂದಿರಿ. ಅಕ್ಕನೂ ನೀವೂ ಒಬ್ಬರನ್ನೊಬ್ಬರು ಕಂಡವರಲ್ಲ. ಆದರೂ ನನ್ನ ವಿಷಯದಲ್ಲಿ ಇಬ್ಬರದೂ ಒಂದೇ ಮಾತು. ಅವಳು ಅದನ್ನು ಪ್ರೀತಿಯಿಂದ ಹೇಳಿದ್ದಳು.

ಇನ್ನು ನಾನು ಕೇಳುವುದು. ಕತ್ತರಿಸುವ ಕೋಣೆಯಲ್ಲೂ ಊಟದ ಕೋಣೆಯಲ್ಲೂ ಮತ್ತೊಮ್ಮೆ ಗಾಳಿ ತಪಾಸಣೆ ಮಾಡಿಸಿ. ಹೋಲಿಕೆಯ ತಟ್ಟೆಯನ್ನು ಕಾರ್ಖಾನೆಯ ಗಾಳಿ ತಲುಪದಷ್ಟು ದೂರದಲ್ಲಿಡಿಸಿ. ಫಲಿತಾಂಶ ಬರುವ ತನಕ ಪರವಾನಗಿಗೆ ಸಹಿ ಹಾಕಬೇಡಿ, ಆ ದಿನಗಳ ಕೂಲಿಯನ್ನು ಕಾರ್ಖಾನೆಯಿಂದ ಕೊಡಿಸಿ. ಉಸಿರಾಟಕ್ಕಾಗಿ ಇನ್ನು ಯಾರೂ ಯಾರ ಕ್ಷಮೆಯನ್ನೂ ಕೇಳುವಂತಾಗಬಾರದು. ಇದು ನಿಮಗೆ ಒಂದು ವಾರದ ಕೆಲಸ. ನೀವು ಮಾಡದಿದ್ದರೆ ಉಳಿಯುವ ದಾರಿ ಯಾವುದೆಂದೂ ನಿಮಗೆ ತಿಳಿದಿರಲಿ.

ಅಕ್ಕ ಬದುಕಿದ್ದಾಗ ಆಸ್ಪತ್ರೆಯವರು ಪರೀಕ್ಷೆಗೆಂದು ಅವಳ ಶ್ವಾಸಕೋಶದ ಒಂದು ಚೂರು ತೆಗೆದಿದ್ದರು. ಅದರಲ್ಲಿ ಮಿಕ್ಕಿದ್ದನ್ನು ಭಾವ ಸಹಿ ಹಾಕಿ ಬಿಡಿಸಿಕೊಂಡು ಬಂದು ನನಗೆ ಕೊಟ್ಟರು. ಒಂದು ಸಣ್ಣ ಗಾಜಿನ ಬಾಟಲಿ. ಅಂಗಾಂಶದೊಳಗೆ ಸೇರಿದ ಪ್ಲಾಸ್ಟಿಕ್ಕನ್ನು ನೋಡಬೇಕಾದರೆ ಅಂಗಾಂಶವನ್ನು ಕ್ಷಾರದಲ್ಲಿ ಬೆಚ್ಚಗಿಟ್ಟು ಪೂರ್ತಿ ಕರಗಿಸಬೇಕು. ದೇಹ ಕರಗುತ್ತದೆ, ನೈಲಾನ್ ಕರಗುವುದಿಲ್ಲ. ಇತರರ ಮಾದರಿಗಳನ್ನು ಎಷ್ಟೋ ಸಲ ಹೀಗೆ ಕರಗಿಸಿದ್ದೇನೆ, ಪಕ್ಕದವರೊಡನೆ ಹರಟೆ ಹೊಡೆಯುತ್ತ. ಈ ಚೂರು ಒಂದೇ ಇದೆ. ಕರಗಿದ ಮೇಲೆ ಸೋಸುವ ಕಾಗದದ ಮೇಲೆ ಕಾರ್ಖಾನೆ ಉಳಿಯುತ್ತದೆ, ಅಕ್ಕ ಉಳಿಯುವುದಿಲ್ಲ.

ಇದನ್ನು ಭಾವನಿಗೆ ಹೇಳಿದಾಗ ಅವರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು.

"ಅವಳದ್ದು ಅಂತ ಉಳಿದಿರೋದು ಅದೊಂದೇ ಅಲ್ವೇನಮ್ಮ."

"ಹೌದು ಭಾವ."

"ಅವಳ ತಪ್ಪಲ್ಲ ಅಂತ ಗೊತ್ತಾಗತ್ತಾ?"

"ಗೊತ್ತಾಗತ್ತೆ."

"ಹಾಗಾದ್ರೆ ಮಾಡು. ಯಾವತ್ತು ಮಾಡ್ತೀಯ ಅಂತ ಮಾತ್ರ ನಂಗೆ ಹೇಳ್ಬೇಡ."

ಭಾವ ಈ ಪತ್ರ ಓದುವುದಿಲ್ಲವೆಂದು ಮಾತು ಕೊಟ್ಟಿದ್ದಾರೆ, ಆದ್ದರಿಂದ ದಿನವನ್ನು ನಿಮಗೆ ಹೇಳುತ್ತೇನೆ. ಇಪ್ಪತ್ತೈದನೆಯ ತಾರೀಖಿನೊಳಗೆ ನಿಮ್ಮಿಂದ ಮರುತಪಾಸಣೆಯ ಆದೇಶ ಬರದಿದ್ದರೆ, ಇಪ್ಪತ್ತಾರರ ಬೆಳಿಗ್ಗೆ ನಾನು ಆ ಚೂರನ್ನು ಕರಗಿಸುತ್ತೇನೆ. ಎಳೆಗಳನ್ನು ಗುರುತಿಸಿ ಎಣಿಸುವುದನ್ನು ಅಕ್ಕನನ್ನು ಕಂಡರಿಯದ ಇನ್ನೊಂದು ಪ್ರಯೋಗಾಲಯದವರು ಮಾಡುತ್ತಾರೆ, ಒಪ್ಪಿಕೊಂಡಿದ್ದಾರೆ. ಕರಗಿಸುವುದನ್ನು ಮಾತ್ರ ಬೇರೆ ಕೈಗೆ ಕೊಡಲಾರೆ.

ಇಂತಿ,
ಬಾಟಲಿಯ ಮುಚ್ಚಳವನ್ನು ಇನ್ನೂ ತೆರೆಯದ,
ಅವಳ ತಂಗಿ